ಎಲೆಕ್ಟ್ರಾನಿಕ್ ಪೇಂಟ್‌ಬಾಲ್ ಗನ್ನಿಗೆ ಸಿಓಟು ಟ್ಯಾಂಕ್ ಹಾಕಬಹುದಾ?

ಪ್ರಶ್ನೆ: ನಾವು ಹಾಸನದ ಕಡೆಯವರು. ಈಗ ಅಮೆರಿಕದ ಟೆಕ್ಸಸ್‌ನಲ್ಲಿ, ಡಲ್ಲಾಸ್ ಹತ್ತಿರ ಇದ್ದೇವೆ. 15 ವರ್ಷದ ನನ್ನ ಮಗ ಗೆಳೆಯನಿಂದ ಒಂದು ಹಳೆಯ ಎಲೆಕ್ಟ್ರಾನಿಕ್ ಪೇಂಟ್‌ಬಾಲ್ ಗನ್ ಕೊಂಡಿದ್ದಾನೆ. ಗ್ಯಾಸಿನ ಒತ್ತಡದಿಂದ ಬಣ್ಣದ ಗುಂಡು ಹೊಡೆಯುವ ಆಟದ ಗನ್ ಅದು. ಅದರ ಜೊತೆಗೆ 20 ಔನ್ಸಿನ ಕಾರ್ಬನ್ ಡೈಆಕ್ಸೈಡ್ (ಸಿಓಟು) ಟ್ಯಾಂಕೂ ಬಂತು. ಮೊದಲ ದಿನವೇ ಅರ್ಧ ಟ್ಯಾಂಕ್ ಖಾಲಿ ಮಾಡಿದ. ಗನ್ನಿನ ಮೇಲೆ ಬಿಳಿ ಮಂಜು ಕಟ್ಟಿತು. ಆಮೇಲೆ ಹಿಡಿಕೆಯ ಹತ್ತಿರ ಸುಯ್ ಅಂತ ಸೋರಲು ಶುರುವಾಯಿತು. ಅವನ ಗೆಳೆಯನೊಬ್ಬ "ಸಿಓಟು ಹಾಕಿದರೆ ಗನ್ ಕೈಯಲ್ಲೇ ಸಿಡಿಯುತ್ತೆ" ಅಂತಾನೆ. ಇನ್ನೊಬ್ಬ "ನಿಧಾನವಾಗಿ ಹೊಡೆದರೆ ಏನೂ ಆಗಲ್ಲ" ಅಂತಾನೆ. ಗಾಳಿ ತುಂಬಿಸಿಕೊಡುವ ಮೈದಾನ ನಮ್ಮ ಮನೆಯಿಂದ 40 ಮೈಲಿ. ಸಿಓಟು ಆದರೆ ಪಕ್ಕದ ಅಂಗಡಿಯಲ್ಲೇ ಸಿಗುತ್ತೆ. ಗನ್ನು, ಟ್ಯಾಂಕು ಎರಡೂ ಈಗ ಕಾರಿನ ಡಿಕ್ಕಿಯಲ್ಲಿವೆ. ಇದನ್ನು ಸುರಕ್ಷಿತವಾಗಿ ಬಳಸಬಹುದಾ? ಬೇಡ ಅಂದರೆ ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ಬರುವಾಗ ಟ್ಯಾಂಕನ್ನು ತಮ್ಮನ ಮಗನಿಗೆ ತರಬಹುದಾ? ಗನ್ನಿನ ಫೋಟೋ ಕಳಿಸಿದ್ದೇನೆ.

ಉತ್ತರ: ಮೇಡಂ, ಈ ಉತ್ತರವನ್ನು ಮುಂದೆ ಓದುವ ಮೊದಲು ಒಂದು ಕೆಲಸ ಮಾಡಿ. ಆ ಟ್ಯಾಂಕನ್ನು ಡಿಕ್ಕಿಯಿಂದ ತೆಗೆಯಿರಿ. ಕಾರಿನ ಬಾಗಿಲುಗಳನ್ನೂ ಡಿಕ್ಕಿಯನ್ನೂ ತೆರೆದು ಹತ್ತು ನಿಮಿಷ ಗಾಳಿಯಾಡಲು ಬಿಡಿ. ಟ್ಯಾಂಕ್ ಗನ್ನಿಗೆ ಸಿಕ್ಕಿಸಿದ್ದರೆ ಬಿಚ್ಚಲು ಹೋಗಬೇಡಿ. ಬ್ಯಾಟರಿ ಆಫ್ ಮಾಡಿ, ನಳಿಕೆಗೆ ಕವರ್ ಹಾಕಿ, ಹಾಗೇ ಎತ್ತಿ ಮನೆಯ ಹೊರಗೆ ನೆರಳಿನಲ್ಲಿಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ಎರಡು ಭಯಗಳು ಕಲಸಿಕೊಂಡಿವೆ. ಗನ್ನಿಗೆ ಏನಾಗುತ್ತದೆ ಅನ್ನುವುದು ಒಂದು. ಮಗನಿಗೆ ಏನಾಗಬಹುದು ಅನ್ನುವುದು ಇನ್ನೊಂದು. ನಾನು ಕೆಲಸದಲ್ಲಿ ನ್ಯೂಮ್ಯಾಟಿಕ್, ಅಂದರೆ ಒತ್ತಿದ ಗಾಳಿಯಿಂದ ನಡೆಯುವ ವಾಲ್ವ್‌ಗಳ ಎಂಜಿನಿಯರ್. ವಾರಾಂತ್ಯದಲ್ಲಿ ಒಂದು ಪೇಂಟ್‌ಬಾಲ್ ಮೈದಾನದಲ್ಲಿ ಗನ್ ರಿಪೇರಿ ಮಾಡುತ್ತೇನೆ. ಅಲ್ಲಿಗೆ ಬರುವ ತಂದೆತಾಯಿಯರೂ ಈ ಎರಡನ್ನೂ ಒಟ್ಟಿಗೇ ಕೇಳುತ್ತಾರೆ. ಆದರೆ ಎರಡಕ್ಕೂ ಕಾರಣ ಬೇರೆ, ಉಪಾಯವೂ ಬೇರೆ.

ಮೊದಲು ಗನ್ನಿನ ವಿಷಯ. ಮದುವೆ ಮನೆಯ ಅಡುಗೆ ನೆನಪಿದೆಯಾ? ದೊಡ್ಡ ಒಲೆ ಜೋರಾಗಿ ಉರಿಯುವಾಗ ಗ್ಯಾಸ್ ಸಿಲಿಂಡರಿನ ಹೊರಮೈ ತಣ್ಣಗಾಗಿ ಬೆವರುತ್ತದೆ. ಒಮ್ಮೊಮ್ಮೆ ಬಿಳಿ ಮಂಜೂ ಕಟ್ಟುತ್ತದೆ, ಉರಿ ಸಣ್ಣದಾಗುತ್ತದೆ. ಸಿಲಿಂಡರಿನ ಒಳಗಿರುವುದು ದ್ರವ. ಅದು ಆವಿಯಾಗಿ ಮೇಲೆ ಬಂದಾಗಲೇ ನಮಗೆ ಗ್ಯಾಸ್. ಆವಿಯಾಗಲು ಬೇಕಾದ ಶಾಖವನ್ನು ದ್ರವ ಸಿಲಿಂಡರಿನಿಂದಲೇ ಎಳೆದುಕೊಳ್ಳುತ್ತದೆ. ಜಾಸ್ತಿ ಎಳೆದಷ್ಟೂ ಜಾಸ್ತಿ ತಣ್ಣಗಾಗುತ್ತದೆ, ಒತ್ತಡ ಇಳಿಯುತ್ತದೆ. ನಿಮ್ಮ ಮಗನ ಟ್ಯಾಂಕಿನಲ್ಲೂ ನಡೆಯುವುದು ಇದೇ.

ಒಂದು ವ್ಯತ್ಯಾಸ ಒತ್ತಡದ್ದು. ಕಾರಿನ ಟೈರಿನಲ್ಲಿ 32 ಪಿಎಸ್‌ಐ ಆಸುಪಾಸು ಇರುತ್ತದೆ. ಸಿಓಟು ಟ್ಯಾಂಕಿನಲ್ಲಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 830. ಸೊನ್ನೆ ಡಿಗ್ರಿಗೆ ಇಳಿದರೆ 500ರ ಹತ್ತಿರ, 30 ಡಿಗ್ರಿಗೆ ಏರಿದರೆ 1000 ದಾಟುತ್ತದೆ. ಬೆಳಿಗ್ಗೆ ಒಂದು ಒತ್ತಡ, ಮಧ್ಯಾಹ್ನ ಇನ್ನೊಂದು, ನಾಲ್ಕು ಸುತ್ತು ಜೋರಾಗಿ ಹೊಡೆದ ಮೇಲೆ ಮತ್ತೊಂದು.

ಎರಡನೇ ವ್ಯತ್ಯಾಸವೇ ಎಲೆಕ್ಟ್ರಾನಿಕ್ ಗನ್ನುಗಳನ್ನು ಕೆಡಿಸುವುದು. ಅಡುಗೆ ಸಿಲಿಂಡರನ್ನು ಯಾವತ್ತೂ ಮಲಗಿಸಬೇಡಿ ಅಂತಾರಲ್ಲ, ಮಲಗಿಸಿದರೆ ಆವಿಯ ಬದಲು ದ್ರವವೇ ಹೊರಗೆ ಬರುತ್ತದೆ ಅಂತ. ಪೇಂಟ್‌ಬಾಲ್ ಗನ್ನಿನಲ್ಲಿ ಟ್ಯಾಂಕು ಸಾಮಾನ್ಯವಾಗಿ ಮಲಗಿಯೇ ಇರುತ್ತದೆ. ಹಿಡಿಕೆಯ ತಳಕ್ಕೆ ಸಿಕ್ಕಿಸಿದ ಟ್ಯಾಂಕು ಹಿಂದಕ್ಕೆ ಚಾಚಿಕೊಂಡಿರುತ್ತದೆ, ಬಾಯಿ ಮುಂದಕ್ಕೆ. ಹುಡುಗ ಗನ್ನಿನ ಮೂತಿ ಕೆಳಗೆ ಮಾಡಿ ಓಡಿದರೆ ದ್ರವವೆಲ್ಲ ಟ್ಯಾಂಕಿನ ಬಾಯಿಗೆ ಬರುತ್ತದೆ. ಅಲ್ಲಿಂದ ಗನ್ನಿನೊಳಕ್ಕೆ ನುಗ್ಗುತ್ತದೆ. ಒಳಗೆ ಒತ್ತಡ ಕಮ್ಮಿ ಇರುವ ಜಾಗ ಸಿಕ್ಕಿದ ಕೂಡಲೇ ಒಮ್ಮೆಲೇ ಕುದಿಯುತ್ತದೆ. ಬಯಲಿಗೆ ಬಿದ್ದ ಸಿಓಟು ಮಂಜಿನ ಉಷ್ಣತೆ ಮೈನಸ್ 78 ಡಿಗ್ರಿ. ನಿಮ್ಮ ಮಗ ನೋಡಿದ ಬಿಳಿ ಮಂಜು ಹೊರಗಿನ ತೇವ ಹೆಪ್ಪುಗಟ್ಟಿದ್ದು. ಒಳಗಿನ ಚಳಿ ಅದಕ್ಕಿಂತ ಜಾಸ್ತಿ ಇತ್ತು.

ಹಾಗಾದರೆ ಸಿಓಟು ಈ ಆಟಕ್ಕೇ ಆಗಿಬರದ ಗ್ಯಾಸಾ? ಅಲ್ಲ. ಈ ಆಟ ಹುಟ್ಟಿದ್ದೇ ಸಿಓಟುವಿನಿಂದ. 1981ರ ಜೂನ್‌ನಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಕಾಡಿನಲ್ಲಿ 12 ಜನ ಮೊದಲ ಆಟ ಆಡಿದಾಗ ಕೈಯಲ್ಲಿದ್ದದ್ದು ನೆಲ್‌ಸ್ಪಾಟ್ ಪಿಸ್ತೂಲು. ಕಡಿಯಬೇಕಾದ ಮರಗಳಿಗೂ ದನಗಳಿಗೂ ಬಣ್ಣದ ಗುರುತು ಹಾಕಲು ಮಾಡಿದ್ದ ಸಾಧನ ಅದು. 12 ಗ್ರಾಂ ಸಿಓಟು ಇರುವ ಪುಟ್ಟ ಕ್ಯಾಪ್ಸೂಲಿನಿಂದ ಓಡುತ್ತಿತ್ತು. ಆ ಕಾಲದ ಗನ್ನುಗಳ ಒಳಗೆ ಇದ್ದದ್ದು ದಪ್ಪ ಸ್ಪ್ರಿಂಗು, ಸುತ್ತಿಗೆ, ಒಂದು ಗಟ್ಟಿ ವಾಲ್ವು. ಸ್ವಲ್ಪ ದ್ರವ ಬಂದರೂ ಅವು ತಡೆದುಕೊಳ್ಳುತ್ತಿದ್ದವು. 1990ರ ದಶಕದ ನಡುವೆ ಏಂಜೆಲ್, ಶಾಕರ್ ತರಹದ ಎಲೆಕ್ಟ್ರಾನಿಕ್ ಗನ್ನುಗಳು ಬಂದ ಮೇಲೆ ಲೆಕ್ಕ ಬದಲಾಯಿತು.

ಇಲ್ಲೊಂದು ಮಾತು ಬಿಡಿಸಿ ಹೇಳಬೇಕು. "ಎಲೆಕ್ಟ್ರಾನಿಕ್" ಅಂತ ಮಾರುವ ಗನ್ನುಗಳಲ್ಲಿ ಎರಡು ಜಾತಿ ಇವೆ. ಮೊದಲನೆಯದರಲ್ಲಿ ಕರೆಂಟು ಬರೀ ಟ್ರಿಗರಿನ ಕೆಲಸ ಮಾಡುತ್ತದೆ. ಒಂದು ಪುಟ್ಟ ವಿದ್ಯುತ್ ಕಾಂತ ಒಳಗಿನ ಕೊಂಡಿಯನ್ನು ಬಿಡಿಸುತ್ತದೆ, ಸುತ್ತಿಗೆ ಮುಂದೆ ಹಾರುತ್ತದೆ, ಅಷ್ಟೇ. ಗ್ಯಾಸು ಆ ಭಾಗವನ್ನು ಮುಟ್ಟುವುದೇ ಇಲ್ಲ. ಇ-ಗ್ರಿಪ್ (ಎಲೆಕ್ಟ್ರಾನಿಕ್ ಟ್ರಿಗರಿನ ಹಿಡಿಕೆ) ಹಾಕಿದ ಟಿಪ್‌ಮನ್ ಎ-5 ಗನ್ನು ಇಂಥದ್ದು. ಸ್ಪೈಡರ್ ಹೆಸರಿನ ಹಳೆಯ ಎಲೆಕ್ಟ್ರಾನಿಕ್ ಗನ್ನುಗಳಲ್ಲಿ ಬಹಳಷ್ಟು ಇಂಥವೇ. ಇವುಗಳಲ್ಲಿ ಸಿಓಟು ನಡೆಯುತ್ತದೆ.

ಎರಡನೇ ಜಾತಿಯಲ್ಲಿ ಗ್ಯಾಸು ಸೊಲೆನಾಯ್ಡ್ ವಾಲ್ವಿನ ಒಳಗಿಂದಲೇ ಹರಿಯಬೇಕು. ಕರೆಂಟು ಆ ವಾಲ್ವನ್ನು ತೆರೆದು ಮುಚ್ಚುತ್ತದೆ. ಗ್ಯಾಸಿನ ಒತ್ತಡ, ಗುಂಡನ್ನು ನಳಿಕೆಗೆ ದೂಡುವ ಬೋಲ್ಟನ್ನು ಹಿಂದೆ ಮುಂದೆ ತಳ್ಳುತ್ತದೆ. ಸೆಕೆಂಡಿಗೆ ಹತ್ತು ಗುಂಡು ಹೊಡೆಯುವ ಗನ್ನಿನಲ್ಲಿ ಆ ವಾಲ್ವು ಸೆಕೆಂಡಿಗೆ ಹತ್ತು ಸಲ ತಪ್ಪದೆ ಆಡಬೇಕು. ಅದರ ಒಳದಾರಿಗಳು ಸೂಜಿ ಹೋಗುವಷ್ಟು ಸಣ್ಣವು. ಕಂಪನಿಗಳು ಇಂಥ ಗನ್ನಿನ ಕೈಪಿಡಿಯಲ್ಲಿ ಸಾಮಾನ್ಯವಾಗಿ "ಒತ್ತಿದ ಗಾಳಿ ಮಾತ್ರ" ಅಂತ ಬರೆದಿರುತ್ತಾರೆ. ಜಾಹೀರಾತಿನ ಮಾತಲ್ಲ ಅದು, ದಯವಿಟ್ಟು ನಂಬಿ. ನಿಮ್ಮ ಫೋಟೋ ನೋಡಿದೆ. ನಿಮ್ಮ ಮಗನದು ಈ ಎರಡನೇ ಜಾತಿ.

ಆವತ್ತು ಅದರೊಳಗೆ ಏನಾಯಿತು ಅಂತ ಹೇಳಬಲ್ಲೆ. ದ್ರವ ಸಿಓಟು ಮೊದಲು ರೆಗ್ಯುಲೇಟರಿಗೆ ಬಂತು. ಅಲ್ಲಿ ಕುದಿಯಿತು. ಸೀಲುಗಳು ಚಳಿಗೆ ಗಟ್ಟಿಯಾಗಿ ಒತ್ತಡ ಹಿಡಿತ ತಪ್ಪಿತು. ಸೊಲೆನಾಯ್ಡ್‌ನಲ್ಲಿರುವ ಕೂದಲೆಳೆಯಂಥ ಸೀಲುಗಳೂ ಮರಗಟ್ಟಿದವು, ಗ್ರೀಸು ಮಂದವಾಯಿತು. ಸುಯ್ ಅಂತ ಸೋರಿದ್ದು ಆಗಲೇ. ಇನ್ನೊಂದು ಕಾರಣವೂ ಇದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಓ-ರಿಂಗ್, ಅಂದರೆ ಸೋರದಂತೆ ತಡೆಯುವ ದುಂಡನೆಯ ಸೀಲು, ಅದರ ರಬ್ಬರು ಸಿಓಟುವನ್ನು ಒಳಕ್ಕೆ ಹೀರಿಕೊಳ್ಳುತ್ತದೆ. ಟ್ಯಾಂಕ್ ಬಿಚ್ಚಿ ಒತ್ತಡ ಥಟ್ಟನೆ ಇಳಿದಾಗ ಹೀರಿದ ಗ್ಯಾಸು ಹೊರಗೆ ಬರಲು ಒದ್ದಾಡುತ್ತದೆ. ರಿಂಗು ಊದಿಕೊಳ್ಳುತ್ತದೆ, ಕೆಲವು ಸಲ ಒಳಗೇ ಗುಳ್ಳೆಯೆದ್ದು ಸೀಳುತ್ತದೆ. ಊದಿದ ರಿಂಗನ್ನು ನೋಡಿ "ಸೈಜು ತಪ್ಪು" ಅಂದುಕೊಂಡು ಎಸೆಯುವವರನ್ನು ಕಂಡಿದ್ದೇನೆ. ಒಂದು ದಿನ ಸುಮ್ನೆ ಬಿಟ್ಟರೆ ಬಹುತೇಕ ರಿಂಗುಗಳು ಮೊದಲಿನ ಅಳತೆಗೆ ಬರುತ್ತವೆ. ಸೀಳು ಬಿಟ್ಟದ್ದನ್ನು ಮಾತ್ರ ಬದಲಿಸಬೇಕು.

ಹಾಗಾಗಿ ಗಾಬರಿ ಬೇಡ. ಗನ್ನು ಸತ್ತಿದೆ ಅಂತ ಈಗಲೇ ಹೇಳಲು ಆಗದು. ಟ್ಯಾಂಕು ಬೇರೆಯಾದ ಮೇಲೆ ಎರಡು ದಿನ ಒಣ ಜಾಗದಲ್ಲಿಡಿ. ಆಮೇಲೆ ಬಿಚ್ಚಿ, ಓ-ರಿಂಗುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ, ಕಂಪನಿ ಹೇಳಿದ ಗ್ರೀಸನ್ನೇ ಹಚ್ಚಿ ಕೂಡಿಸಬೇಕು. ಮಗನಿಗೆ ಆಸಕ್ತಿ ಇದ್ದರೆ ಅವನೇ ಕಲಿಯಲಿ, ಒಳ್ಳೆಯ ಪಾಠ ಅದು. ಗಾಳಿ ಹಾಕಿದ ಮೇಲೂ ಸೋರಿದರೆ ಸೊಲೆನಾಯ್ಡ್ ಹೋಗಿದೆ ಅಂತ ಸಂಶಯ ಪಡಬಹುದು. ಅದನ್ನು ಮನೆಯಲ್ಲಿ ಕೆದಕಬೇಡಿ, ರಿಪೇರಿಯವರಿಗೆ ಕೊಡಿ.

ಈಗ ಗೆಳೆಯರ ಮಾತು. "ಕೈಯಲ್ಲೇ ಸಿಡಿಯುತ್ತೆ" ಅನ್ನುವುದು ಉತ್ಪ್ರೇಕ್ಷೆ. ಸಿಓಟುವಿನಿಂದ ಕೆಟ್ಟ ಎಷ್ಟೋ ಗನ್ನುಗಳು ನನ್ನ ಬೆಂಚಿಗೆ ಬಂದಿವೆ. ಅವು ಸೋರಿವೆ, ನಿಂತುಹೋಗಿವೆ, ಗುಂಡನ್ನು ಒಳಗೇ ಒಡೆದಿವೆ. ಸಿಡಿದದ್ದು ಒಂದೂ ಬಂದಿಲ್ಲ. ಆದರೆ ವೇಗ ಏರುಪೇರಾಗುವುದು ನಿಜ, ಅದರ ಅಪಾಯವೂ ನಿಜ. ಈ ಆಟದಲ್ಲಿ ಗುಂಡಿನ ವೇಗ ಸೆಕೆಂಡಿಗೆ 300 ಅಡಿ, ಅಂದರೆ ಸುಮಾರು 91 ಮೀಟರ್ ದಾಟಬಾರದು. ಬಹಳಷ್ಟು ಮೈದಾನಗಳಲ್ಲಿ 280ಕ್ಕೇ ನಿಲ್ಲಿಸುತ್ತಾರೆ. ತಂಪಾದ ಬೆಳಿಗ್ಗೆ 280ಕ್ಕೆ ಹೊಂದಿಸಿದ ಸಿಓಟು ಗನ್ನು ಮಧ್ಯಾಹ್ನದ ಬಿಸಿಲಲ್ಲಿ ಮಿತಿ ಮೀರಬಹುದು. ಹೊಡೆಸಿಕೊಳ್ಳುವವನೂ ಯಾರದೋ ಮಗನೇ ಅಲ್ವಾ? ಸಿಓಟು ಬಳಸುವವರು ವೇಗ ಅಳೆಯುವ ಯಂತ್ರದ ಮುಂದೆ ದಿನಕ್ಕೆ ಒಂದು ಸಲ ಹೋದರೆ ಸಾಲದು. ಬಿಸಿಲು ಬದಲಾದಾಗಲೆಲ್ಲ ಹೋಗಬೇಕು.

"ನಿಧಾನವಾಗಿ ಹೊಡೆದರೆ ಏನೂ ಆಗಲ್ಲ" ಅನ್ನುವುದರಲ್ಲಿ ಅರ್ಧ ಸತ್ಯ ಇದೆ. ನಿಧಾನವಾಗಿ ಹೊಡೆದರೆ ಟ್ಯಾಂಕು ಅಷ್ಟು ತಣ್ಣಗಾಗುವುದಿಲ್ಲ. ಆದರೆ ಮೂತಿ ಕೆಳಗಾದರೆ ಒಂದೇ ಗುಂಡಿಗೂ ದ್ರವ ಒಳಕ್ಕೆ ಬರಬಹುದು.

ಇನ್ನು ಮಗನ ವಿಷಯ. ಇಲ್ಲಿ ನಾನು ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಯಾಕೆಂದರೆ ಜೀವ ಹೋಗಿರುವುದು ಇಲ್ಲಿಯೇ.

ಟ್ಯಾಂಕಿನ ಬಾಯಿಗೆ ಒಂದು ಹಿತ್ತಾಳೆಯ ವಾಲ್ವು ಇರುತ್ತದೆ. ಅಲ್ಲಿ ಎರಡು ಕಡೆ ತಿರುಪು. ವಾಲ್ವು ಗನ್ನಿಗೆ ಕೂರುವ ತಿರುಪು ಒಂದು. ವಾಲ್ವು ಟ್ಯಾಂಕಿಗೆ ಕೂರುವ ತಿರುಪು ಇನ್ನೊಂದು. ಟ್ಯಾಂಕ್ ಬಿಚ್ಚುವಾಗ ಮೊದಲನೆಯದು ಮಾತ್ರ ಸಡಿಲವಾಗಬೇಕು. ಎರಡನೆಯದು ಯಾವತ್ತೂ ಅಲುಗಬಾರದು. ಯಾರೋ ವಾಲ್ವು ಬದಲಿಸಿ ಸರಿಯಾಗಿ ಬಿಗಿ ಮಾಡದೆ ಬಿಟ್ಟಿದ್ದರೆ, ನೀವು ಟ್ಯಾಂಕ್ ತಿರುಗಿಸಿದಾಗ ವಾಲ್ವು ಗನ್ನಿನಲ್ಲೇ ಉಳಿದು ಟ್ಯಾಂಕು ವಾಲ್ವಿನಿಂದ ಕಳಚಿಕೊಳ್ಳುತ್ತದೆ. ಕೊನೆಯ ಸುತ್ತು ಬಿಟ್ಟ ಕ್ಷಣ ಅದು ರಾಕೆಟ್. ಅಮೆರಿಕದಲ್ಲಿ ಹೀಗೆ ಸಾವುಗಳೇ ಆಗಿವೆ. ಅಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಇದರ ಬಗ್ಗೆ ಎಚ್ಚರಿಕೆ ಹೊರಡಿಸಿದೆ.

ನಾನೇ ಒಂದು ಸಲ ಇದರ ಹತ್ತಿರ ಹೋಗಿ ಬಂದಿದ್ದೇನೆ. ಒಬ್ಬ ಹುಡುಗ ಬೆಂಚಿನ ಪಕ್ಕ ನಿಂತು ಟ್ಯಾಂಕ್ ಬಿಚ್ಚುತ್ತಿದ್ದ. ಎರಡು ಸುತ್ತು ಆದರೂ ಗ್ಯಾಸು ನಿಂತ ಸದ್ದೇ ಇಲ್ಲ. ಬಗ್ಗಿ ನೋಡಿದೆ. ಹಿತ್ತಾಳೆ ಅಲುಗುತ್ತಿರಲಿಲ್ಲ, ಟ್ಯಾಂಕು ಮಾತ್ರ ತಿರುಗುತ್ತಿತ್ತು. "ಕೈ ಬಿಡು" ಅಂತ ಕೂಗಿದೆ. ಎಲ್ಲರನ್ನೂ ದೂರ ಕಳಿಸಿ, ತಿರುಪು ಮುಟ್ಟದೆ, ಗನ್ನನ್ನು ಗುರಿ ಹಲಗೆಯ ಕಡೆ ಹಿಡಿದು ಟ್ಯಾಂಕು ಪೂರ್ತಿ ಖಾಲಿಯಾಗುವವರೆಗೂ ಹೊಡೆದೆವು. ಆಮೇಲೆ ನೋಡಿದರೆ ಹಿಡಿದಿದ್ದ ತಿರುಪಿನ ಎಳೆಗಳು ಕೆಲವೇ ಕೆಲವು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇದಕ್ಕೆ ಉಪಾಯ ಬಹಳ ಸುಲಭ, ಖರ್ಚೇ ಇಲ್ಲ. ನಿಮ್ಮ ಉಗುರು ಬಣ್ಣದ ಬಾಟಲಿ ತೆಗೆದುಕೊಳ್ಳಿ. ವಾಲ್ವಿನ ಮೇಲಿಂದ ಟ್ಯಾಂಕಿನ ಕುತ್ತಿಗೆಯ ಮೇಲೆ ಬರುವ ಹಾಗೆ ಒಂದೇ ನೇರ ಗೆರೆ ಎಳೆಯಿರಿ. ಒಣಗಲಿ. ಬಿಚ್ಚುವಾಗ ಆ ಗೆರೆ ಒಂದೇ ಗೆರೆಯಾಗಿ ಉಳಿದು ತಿರುಗಬೇಕು. ಗೆರೆ ತುಂಡಾಯಿತೋ, ಅಲ್ಲಿಗೇ ನಿಲ್ಲಿಸಬೇಕು. ಹಿಂದಕ್ಕೂ ತಿರುಗಿಸಬಾರದು, ಮುಂದಕ್ಕೂ ತಿರುಗಿಸಬಾರದು. ಗೆರೆ ಸರಿಯಿದ್ದರೆ, ಟ್ಯಾಂಕನ್ನು ಸುಮಾರು ಒಂದು ಸುತ್ತು ಸಡಿಲಿಸಿ ನಿಲ್ಲಿಸಿ. ಗನ್ನಿನಲ್ಲಿ ಉಳಿದ ಗ್ಯಾಸನ್ನು ಸುರಕ್ಷಿತ ದಿಕ್ಕಿಗೆ ಹೊಡೆದು ಖಾಲಿ ಮಾಡಿ, ಆಮೇಲೆ ಪೂರ್ತಿ ಬಿಚ್ಚಬೇಕು. ಈ ಹೊತ್ತಿನಲ್ಲೂ ಕಣ್ಣಿಗೆ ಮಾಸ್ಕ್ ಇರಲಿ. ನಿಮ್ಮದು ಸೆಕೆಂಡ್ ಹ್ಯಾಂಡ್ ಟ್ಯಾಂಕು, ವಾಲ್ವನ್ನು ಯಾರು ಮುಟ್ಟಿದ್ದಾರೋ ಗೊತ್ತಿಲ್ಲ. ಹಾಗಾಗಿ ಗನ್ನಿಗೆ ಸಿಕ್ಕಿಸಿದ್ದರೆ ಮೊದಲ ಸಲ ರಿಪೇರಿಯವರ ಕೈಯಲ್ಲೇ ಬಿಚ್ಚಿಸಿ. ಮಗ ವಾಲ್ವಿಗೆ ಸ್ಪ್ಯಾನರ್ ಹಾಕುವುದು ಮಾತ್ರ ಯಾವತ್ತೂ ಬೇಡ.

ಈಗ ಡಿಕ್ಕಿಗೆ ಬರೋಣ. 31 ಡಿಗ್ರಿ ದಾಟಿದ ಮೇಲೆ ಸಿಓಟುವಿಗೆ ದ್ರವ, ಆವಿ ಅನ್ನುವ ಭೇದವೇ ಉಳಿಯುವುದಿಲ್ಲ. ಆಮೇಲೆ ಒತ್ತಡ ನಿರ್ಧಾರವಾಗುವುದು ಎಷ್ಟು ತುಂಬಿಸಿದ್ದೀರಿ ಅನ್ನುವುದರ ಮೇಲೆ. ಸರಿಯಾಗಿ ತುಂಬಿದ ಟ್ಯಾಂಕೇ 50 ಡಿಗ್ರಿಯಲ್ಲಿ 2000 ಪಿಎಸ್‌ಐ ಆಸುಪಾಸಿಗೆ ಹೋಗುತ್ತದೆ. ಟೆಕ್ಸಸ್ ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಕಾರಿನೊಳಗೆ ಅದಕ್ಕಿಂತ ಬಿಸಿ ಆಗುತ್ತದೆ. 20 ಔನ್ಸಿನ ಟ್ಯಾಂಕಿಗೆ 21 ಔನ್ಸ್ ತುಂಬಿದ್ದರೆ ಒತ್ತಡ ಇನ್ನೂ ಬೇಗ ಏರುತ್ತದೆ. ಸಿಓಟುವನ್ನು ಮೀಟರ್ ನೋಡಿ ತುಂಬುವ ಹಾಗಿಲ್ಲ, ತಕ್ಕಡಿಯಲ್ಲಿಟ್ಟು ತೂಕ ನೋಡಿಯೇ ತುಂಬಬೇಕು. ತುಂಬುವ ಅಂಗಡಿಯಲ್ಲಿ ತಕ್ಕಡಿ ಕಾಣದಿದ್ದರೆ ಅಲ್ಲಿ ತುಂಬಿಸಬೇಡಿ.

ಒತ್ತಡ ಮೀರಿದರೆ ವಾಲ್ವಿನಲ್ಲಿರುವ ಬರ್ಸ್ಟ್ ಡಿಸ್ಕ್ ಅನ್ನುವ ತೆಳು ಬಿಲ್ಲೆ ಹರಿದು ಗ್ಯಾಸನ್ನು ಹೊರಗೆ ಬಿಡುತ್ತದೆ. ಟ್ಯಾಂಕು ಒಡೆಯದಿರಲಿ ಅಂತಲೇ ಅದನ್ನು ಇಟ್ಟಿರುವುದು. ಒಳ್ಳೆಯದೇ. ಆದರೆ ಅದು ಹರಿಯುವ ಜಾಗ ಮುಖ್ಯ. 20 ಔನ್ಸ್ ಅಂದರೆ 567 ಗ್ರಾಂ. ಹೊರಗೆ ಬಂದರೆ 300 ಲೀಟರಿಗೂ ಮಿಕ್ಕಿದ ಗ್ಯಾಸು. ಕಾರಿನೊಳಗಿನ ಜಾಗ ಸುಮಾರು 3000 ಲೀಟರ್ ಅಂದುಕೊಂಡರೂ ಉಸಿರಾಡುವ ಗಾಳಿಯಲ್ಲಿ ನೂರಕ್ಕೆ ಹತ್ತು ಪಾಲು ಸಿಓಟು ಆಯಿತು. ನೂರಕ್ಕೆ 4 ಪಾಲನ್ನೇ ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆ ನಿಯೋಶ್ ಜೀವಕ್ಕೆ ತಕ್ಷಣದ ಅಪಾಯ ಅಂತ ಗುರುತಿಸಿದೆ. ಹೆದ್ದಾರಿಯಲ್ಲಿ ಕಿಟಕಿ ಮುಚ್ಚಿಕೊಂಡು ನೀವೇ ಕಾರು ಓಡಿಸುತ್ತಿರುವಾಗ ಹೀಗಾದರೆ? ಅದಕ್ಕೇ ಮೊದಲೇ ಡಿಕ್ಕಿ ಖಾಲಿ ಮಾಡಿಸಿದ್ದು. ಟ್ಯಾಂಕ್ ಒಯ್ಯುವಾಗ ಕಿಟಕಿ ಸ್ವಲ್ಪ ಇಳಿಸಿ, ಟ್ಯಾಂಕು ಉರುಳದ ಹಾಗೆ ನೆರಳಿನಲ್ಲಿಡಿ, ತಲುಪಿದ ಕೂಡಲೇ ಹೊರಗೆ ತೆಗೆಯಿರಿ. ಗ್ಯಾಸು ಚಿಮ್ಮುವ ಜಾಗಕ್ಕೆ ಬರಿಗೈ ಅಡ್ಡ ಹಿಡಿದರೆ ಚರ್ಮ ಸುಟ್ಟ ಹಾಗೆ ಗಾಯವಾಗುತ್ತದೆ. ಇದನ್ನು ಮಗನಿಗೂ ಹೇಳಿಡಿ.

ಹಾಗಾದರೆ ಮುಂದೇನು? ಒತ್ತಿದ ಗಾಳಿಯ ಟ್ಯಾಂಕಿಗೆ ಹೋಗಿ ಅನ್ನುವುದೇ ನನ್ನ ಸಲಹೆ. ಗಾಳಿಯನ್ನು ನಮ್ಮ ಹವೆಯಲ್ಲಿ ಎಷ್ಟು ಒತ್ತಿದರೂ ದ್ರವ ಆಗುವುದಿಲ್ಲ. ಟ್ಯಾಂಕಿನ ಬಾಯಿಯಲ್ಲೇ ರೆಗ್ಯುಲೇಟರ್ ಇರುತ್ತದೆ. ಒಳಗೆ 3000 ಪಿಎಸ್‌ಐ ಇದ್ದರೂ ಗನ್ನಿಗೆ ಹೋಗುವುದು ಒಂದೇ ಸಮ 850 ಅಥವಾ 450. 48 ಘನ ಇಂಚಿನ, 3000 ಪಿಎಸ್‌ಐ ಲೋಹದ ಟ್ಯಾಂಕು ಹುಡುಗರಿಗೆ ಸಾಕು, ಕಾರ್ಬನ್ ಫೈಬರ್ ಟ್ಯಾಂಕುಗಳಿಗಿಂತ ಅಗ್ಗ. ಮೈದಾನ ದೂರ ಅಂದಿರಿ. ಹತ್ತಿರದಲ್ಲಿ ಸ್ಕೂಬಾ ಡೈವಿಂಗ್ ಅಂಗಡಿ ಇದೆಯಾ ನೋಡಿ. ಪೇಂಟ್‌ಬಾಲ್ ಟ್ಯಾಂಕಿಗೆ ಹೊಂದುವ ಅಡಾಪ್ಟರ್ ಇದ್ದರೆ ಅವರು ತುಂಬಿಕೊಡುತ್ತಾರೆ. ಇದಕ್ಕೂ ಅಪಾಯ ಇಲ್ಲದಿಲ್ಲ. 3000 ಪಿಎಸ್‌ಐ ಮಕ್ಕಳಾಟಿಕೆಯ ಒತ್ತಡ ಅಲ್ಲ. ತುಂಬುವ ಮೂತಿಗೆ ಎಣ್ಣೆ ಒಂದು ಹನಿಯೂ ಬೀಳಬಾರದು, ಒತ್ತಡಕ್ಕೆ ಹೊತ್ತಿಕೊಳ್ಳಬಹುದು. ಐದು ವರ್ಷಕ್ಕೊಮ್ಮೆ ನೀರಿನ ಒತ್ತಡದ ಪರೀಕ್ಷೆ ಆಗಿ ಮುದ್ರೆ ಬಿದ್ದಿರಬೇಕು. ನಿಮ್ಮ 20 ಔನ್ಸ್ ಟ್ಯಾಂಕಿಗೂ ಈ ಪರೀಕ್ಷೆ ಬೇಕು, ಅದರ ಮೇಲಿನ ಮುದ್ರೆಯ ತಿಂಗಳು, ವರ್ಷ ಓದಿ ನೋಡಿ.

ಸಿಓಟುವನ್ನೇ ಪಳಗಿಸುವ ದಾರಿಗಳೂ ಇವೆ. ಟ್ಯಾಂಕಿನೊಳಗೆ ಬಾಗಿದ ಕೊಳವೆ ಇಟ್ಟು ಮೇಲಿನ ಆವಿಯನ್ನು ಮಾತ್ರ ಎಳೆಯುವುದು ಒಂದು. ಅದನ್ನು ಆಂಟಿ-ಸೈಫನ್ ಅಂತಾರೆ. ಆ ಕೊಳವೆ ಮೇಲ್ಮುಖವಾಗಿ ನಿಲ್ಲುವಂತೆ ಅದೇ ಗನ್ನಿಗೆ ಹೊಂದಿಸಿ ಕೂರಿಸಬೇಕು. ಬೇರೆ ಗನ್ನಿಗೆ ಹಾಕಿದರೆ ಕೊಳವೆ ಕೆಳಗೆ ತಿರುಗಿ ದ್ರವವನ್ನೇ ಹೀರಬಹುದು. ಟ್ಯಾಂಕನ್ನು ಬೆನ್ನಿಗೆ ನೆಟ್ಟಗೆ ಕಟ್ಟಿಕೊಂಡು ಉದ್ದ ಪೈಪಿನಿಂದ ಗನ್ನಿಗೆ ಕೊಡುವುದು ಇನ್ನೊಂದು. ಸಿಓಟುವಿಗೆಂದೇ ಮಾಡಿದ ರೆಗ್ಯುಲೇಟರನ್ನು ನಡುವೆ ಸೇರಿಸಬಹುದು. ಮೊದಲ ಜಾತಿಯ ಗನ್ನಿಗೆ ಇವೆಲ್ಲ ಒಳ್ಳೆಯ ಉಪಾಯಗಳು. ನಿಮ್ಮ ಮಗನ ಗನ್ನಿಗೆ ಇವು ಅಪಾಯವನ್ನು ಕಮ್ಮಿ ಮಾಡುತ್ತವೆ, ಪೂರ್ತಿ ಕಳೆಯುವುದಿಲ್ಲ. ಇವಕ್ಕೆ ಹಾಕುವ ದುಡ್ಡಿನಲ್ಲಿ ಗಾಳಿ ಟ್ಯಾಂಕೇ ಬರುತ್ತದೆ. ಗಾಳಿ ಸಿಗುವುದೇ ಇಲ್ಲ ಅಂತಾದರೆ ಈ ಗನ್ನು ಮಾರಿ, ಸಿಓಟು ನಡೆಯುವ ಮೆಕ್ಯಾನಿಕಲ್ ಗನ್ನು ಕೊಡಿಸಿ. ಹದಿನೈದರ ಹುಡುಗನಿಗೆ ಅದೇನೂ ಕಮ್ಮಿ ಖುಷಿ ಕೊಡುವುದಿಲ್ಲ.

ಒಂದು ಅಡ್ಡದಾರಿ ಮಾತ್ರ ಖಂಡಿತ ಬೇಡ. ನಿಮ್ಮ ಮಗನ ಟ್ಯಾಂಕಿನಂಥ ಸಿಓಟು ಟ್ಯಾಂಕುಗಳ ಮೇಲೆ ಸಾಮಾನ್ಯವಾಗಿ 1800 ಅನ್ನುವ ಪಿಎಸ್‌ಐ ಅಂಕಿ ಇರುತ್ತದೆ. ಅದಕ್ಕೆ 3000ದ ಗಾಳಿ ತುಂಬುವ ಪ್ರಯತ್ನ ಯಾರೂ ಮಾಡಬಾರದು. ಗಾಳಿಯ ಟ್ಯಾಂಕಿಗೆ ಸಿಓಟುವೂ ಬೇಡ. ಆಕ್ಸಿಜನ್ ಎರಡಕ್ಕೂ ಬೇಡ, ಎಣ್ಣೆ ಗ್ರೀಸು ಇರುವ ಕಡೆ ಅದು ಸ್ಫೋಟಕ್ಕೆ ದಾರಿ.

ಬೆಂಗಳೂರಿಗೆ ತರುವ ಪ್ರಶ್ನೆ ಉಳಿಯಿತು. ತರಬೇಡಿ. ಅಮೆರಿಕದ ವಿಮಾನದಲ್ಲಿ ಇಂಥ ಟ್ಯಾಂಕು ಒಯ್ಯಬೇಕಾದರೆ ವಾಲ್ವು ಕಳಚಿ ಒಳಗು ಖಾಲಿ ಅಂತ ಕಣ್ಣಿಗೆ ಕಾಣಬೇಕು. ವಾಲ್ವು ಕಳಚುವ, ಮತ್ತೆ ಕೂರಿಸುವ ಕೆಲಸ ಮನೆಯಲ್ಲಿ ಮಾಡುವಂಥದ್ದಲ್ಲ ಅಂತ ಈಗಷ್ಟೇ ಹೇಳಿದೆ. ಭಾರತದಲ್ಲಿ 2016ರ ಗ್ಯಾಸ್ ಸಿಲಿಂಡರ್ ನಿಯಮಗಳಿವೆ. ಹೊರದೇಶದ ಸಿಲಿಂಡರಿಗೆ ಪೆಸೊ ಅನ್ನುವ ಕೇಂದ್ರ ಸರ್ಕಾರದ ಸುರಕ್ಷತಾ ಸಂಸ್ಥೆಯ ಒಪ್ಪಿಗೆ ಬೇಕು. ಒಪ್ಪಿಗೆ ಇಲ್ಲದ ಟ್ಯಾಂಕಿಗೆ ಗ್ಯಾಸು ತುಂಬಿಕೊಡುವುದೂ ತಪ್ಪಾಗುತ್ತದೆ. ತಮ್ಮನ ಮಗನಿಗೆ ಆಸೆ ಇದ್ದರೆ ಬೆಂಗಳೂರು ಸುತ್ತಲಿನ ರೆಸಾರ್ಟುಗಳಲ್ಲಿ ಗನ್ನು, ಮಾಸ್ಕು ಬಾಡಿಗೆಗೆ ಸಿಗುತ್ತವೆ, ಇಬ್ಬರೂ ಒಂದು ದಿನ ಅಲ್ಲೇ ಆಡಲಿ. ಈ ಟ್ಯಾಂಕನ್ನು ಡಲ್ಲಾಸ್‌ನಲ್ಲೇ ರಿಪೇರಿಯವರ ಹತ್ತಿರ ಖಾಲಿ ಮಾಡಿಸಿ, ವಾಲ್ವು ತೆಗೆಸಿ ಗುಜರಿಗೆ ಕೊಡಿ. ಬೇರೆ ಹುಡುಗನಿಗೆ ಮಾರುವುದಾದರೆ ವಾಲ್ವು ಪರೀಕ್ಷೆ ಮಾಡಿಸಿ, ಉಗುರು ಬಣ್ಣದ ಗೆರೆ ಎಳೆದು, ಅದು ಯಾಕೆ ಅಂತ ಅವನ ಮನೆಯವರಿಗೂ ಹೇಳಿ ಕೊಡಿ.